ಟ್ರಿಗರ್ ಕೊಳ್ಳೋ ಮುಂಚೆ ನೀರಿನ ಬಾಟಲಿ ನೇತುಹಾಕಿ

ರೈಫಲ್‌ಗೆ ಹೊಸ ಟ್ರಿಗರ್ ಅಂತ ದುಡ್ಡು ಕಟ್ಟೋ ಮುಂಚೆ ಒಂದು ಹಳೇ ಸೈಕಲ್ ಕಡ್ಡಿ, 500 ಎಂಎಲ್‌ದು ಒಂದು ಖಾಲಿ ನೀರಿನ ಬಾಟಲಿ, ಮೆಡಿಕಲ್ ಶಾಪ್‌ನಿಂದ 5 ಎಂಎಲ್‌ದು ಒಂದು ಸಿರಿಂಜ್ ತಗೊಂಡು ಇಟ್ಕೊಳ್ಳಿ. ನಿಮ್ಮ ಟ್ರಿಗರ್ ಎಷ್ಟು ಗ್ರಾಂ ಎಳೆತಕ್ಕೆ ಗುಂಡು ಬಿಡುತ್ತೆ ಅಂತ ತೂಗೋಕೆ ಇವು. ಮೂರೂ ಸೇರಿ ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿ ದುಡ್ಡು ಆಗಲ್ಲ. ಇಷ್ಟು ಮಾಡದೆ ನಾನು ಹದಿನಾಲ್ಕು ಸಾವಿರ ಕಳ್ಕೊಂಡಿದೀನಿ. ಅದನ್ನ ಆಮೇಲೆ ಹೇಳ್ತೀನಿ.

ನಾನು ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡೋನು. ಕೌಲ್ ಬಜಾರ್ ಕಡೆಯ ಸಣ್ಣ ಸಣ್ಣ ಶೆಡ್‌ಗಳಲ್ಲಿ ಹಗಲೆಲ್ಲ ಓವರ್‌ಲಾಕ್, ಫೀಡ್ ಆಫ್ ದಿ ಆರ್ಮ್ ಅಂತ ತಲೆ ಬಗ್ಗಿಸ್ಕೊಂಡಿರ್ತೀನಿ. ಸಂಜೆ ಮಾಳಿಗೆ ಮೇಲಿನ ಉದ್ದನೆ ರೂಮಿನಲ್ಲಿ 10 ಮೀಟರ್ ಅಳೆದು ಏರ್ ರೈಫಲ್ ಹೊಡೀತೀನಿ. ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಹಿಡಿಯೋಕೆ ಒಂದು ಮರದ ಪೆಟ್ಟಿಗೆ ಇದೆ. ಒಳಗೆ ಜೀನ್ಸ್ ಚಿಂದಿ ಒತ್ತಿ ತುಂಬಿದೀನಿ, ಹಿಂದೆ ದಪ್ಪ ಕಬ್ಬಿಣದ ತಗಡು. ಚಿಂದಿಗೆ ನಮ್ಮೂರಲ್ಲಿ ಬರ ಇಲ್ಲ. ಈ ಹುಚ್ಚು ಹಿಡಿದದ್ದು 2008ರಲ್ಲಿ, ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೇ ಶಾಟ್‌ಗೆ 10.8 ಹೊಡೆದು ಚಿನ್ನ ತಗೊಂಡ ದಿನ. ಒಂದು ಟಿವಿ ಅಂಗಡಿ ಮುಂದೆ ನಿಂತು ನೋಡಿದ್ದೆ. 10.8 ಅಂದ್ರೆ ಪೆಲೆಟ್ಟು ನಟ್ಟನಡುವಿನಿಂದ ಅರ್ಧ ಮಿಲಿಮೀಟರೂ ಆಚೆ ಹೋಗಿಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ನನ್ನ ಹತ್ರ ಬರೋ ಹುಡುಗರೆಲ್ಲ ಕೇಳೋದು ಒಂದೇ: "ಅಣ್ಣಾ, ಟ್ರಿಗರ್ ಹಗುರ ಇರೋದು ಯಾವುದು ತಗೊಳ್ಲಿ?" ಇದೇ ಮಾತನ್ನ ಟೈಲರ್‌ಗಳ ಬಾಯಲ್ಲಿ ದಿನಾ ಕೇಳ್ತೀನಿ. "ದಾರದ ಟೆನ್ಷನ್ ಸಡಿಲ ಮಾಡಿಕೊಡಣ್ಣಾ, ಹಗುರ ಓಡ್ಲಿ." ಸಡಿಲ ಮಾಡಿಕೊಟ್ರೆ ಬಟ್ಟೆ ಕೆಳಗೆ ದಾರ ಗೂಡು ಕಟ್ಟುತ್ತೆ. ಹೊಲಿಗೆಗೆ ಬೇಕಾದ್ದು ಟೈಟೂ ಅಲ್ಲ, ಸಡಿಲವೂ ಅಲ್ಲ. ಮೊದಲನೇ ಪ್ಯಾಂಟಿಗೂ ನೂರನೇ ಪ್ಯಾಂಟಿಗೂ ಟೆನ್ಷನ್ ಒಂದೇ ಇರಬೇಕು. ಟ್ರಿಗರ್ ವಿಷಯವೂ ಅಷ್ಟೇ. 200 ಗ್ರಾಂಗೆ ಬಿಡೋ ಟ್ರಿಗರ್ ಪ್ರತಿ ಸಲ 200ಕ್ಕೇ ಬಿಟ್ರೆ ಅದು ಒಳ್ಳೇದು. ಒಮ್ಮೆ 60, ಒಮ್ಮೆ 90 ಅಂತ ಬಿಡೋದು ಎಷ್ಟು ಹಗುರ ಇದ್ರೇನು, ಗುಜರಿ.

ಈಗ ಬಾಟಲಿ. ಇದನ್ನ ಡ್ರೈ ಫೈರ್ ವ್ಯವಸ್ಥೆ (ಗುಂಡು ಹಾರಿಸದೆ ಬರೀ ಟ್ರಿಗರ್ ಎಳೆದು ಅಭ್ಯಾಸ ಮಾಡೋದು) ಇರೋ ಮ್ಯಾಚ್ ಏರ್ ರೈಫಲ್‌ನಲ್ಲಿ ಮಾತ್ರ ಮಾಡಿ. ಪೆಲೆಟ್ ಇಲ್ಲ, ಬ್ಯಾರೆಲ್ ಖಾಲಿ ಅಂತ ಕಣ್ಣಿಂದ ನೋಡಿ, ಬೆಳಕು ಹಾಯಿಸಿ, ಇನ್ನೊಬ್ಬರಿಗೂ ತೋರಿಸಿ. ಸೈಕಲ್ ಕಡ್ಡಿಯ ಒಂದು ತುದಿಯನ್ನ ಇಂಗ್ಲಿಷಿನ ಯು ಅಕ್ಷರದ ಥರ ಬಗ್ಗಿಸಿ, ಇನ್ನೊಂದು ತುದಿಗೆ ಬಾಟಲಿಯ ಕುತ್ತಿಗೆ ಕಟ್ಟಿ. ಬಗ್ಗಿಸಿದ ಜಾಗಕ್ಕೆ ಒಂದು ಸುತ್ತು ಟೇಪ್ ಹಾಕಿ, ಬ್ಲೇಡ್‌ಗೆ (ಬೆರಳಿಟ್ಟು ಎಳೆಯೋ ಟ್ರಿಗರ್ ನಾಲಿಗೆಗೆ) ಗೀರು ಬೀಳಲ್ಲ. ರೈಫಲ್‌ನ ಬಟ್ (ಭುಜಕ್ಕೆ ಒರಗೋ ಹಿಂತುದಿ) ನೆಲಕ್ಕೆ, ಬ್ಯಾರೆಲ್ ನೆಟ್ಟಗೆ ಮೇಲಕ್ಕೆ. ಯಾರಾದ್ರೂ ಹಿಡ್ಕೊಂಡಿರಲಿ. ಕೊಕ್ಕೆಯನ್ನ ಬ್ಲೇಡ್ ಮೇಲೆ ನಿಮ್ಮ ಬೆರಳು ಕೂರೋ ಜಾಗಕ್ಕೇ ಸಿಕ್ಕಿಸಿ, ಮೇಲೂ ಅಲ್ಲ, ಕೆಳಗೂ ಅಲ್ಲ. ಬ್ಲೇಡ್ ಅಂದ್ರೆ ಒಂದು ಸನ್ನೆಗೋಲು, ತುದಿಗೆ ಹೋದಷ್ಟೂ ಕಮ್ಮಿ ತೂಕ ತೋರಿಸುತ್ತೆ. ಬಾಟಲಿ ಸ್ಟಾಕ್‌ಗೆ (ರೈಫಲ್‌ನ ಹಿಡಿಯೋ ಮೈಗೆ) ಒರಗದೆ ಗಾಳಿಯಲ್ಲಿ ತೂಗಬೇಕು.

ಆಮೇಲೆ ಸಿರಿಂಜ್‌ನಿಂದ ನೀರು ಹಾಕ್ತಾ ಹೋಗಿ. ಒಂದು ಎಂಎಲ್ ನೀರು ಒಂದು ಗ್ರಾಂ, ಇಷ್ಟು ಸುಲಭದ ತೂಕದಕಲ್ಲು ಬೇರೆ ಇಲ್ಲ. ಬ್ಲೇಡ್ ಮೊದಲು ಮೆತ್ತಗೆ ಹಿಂದಕ್ಕೆ ಜರುಗಿ ಒಂದು ಕಡೆ ನಿಲ್ಲುತ್ತೆ. ಅದು ಫಸ್ಟ್ ಸ್ಟೇಜ್. ಅಲ್ಲೇ ಎಷ್ಟು ಎಂಎಲ್ ಅಂತ ಬರ್ಕೊಳ್ಳಿ. ಇನ್ನೂ ಹಾಕಿ. 5 ಎಂಎಲ್ ಬಿಟ್ಟು 1 ಎಂಎಲ್‌ಗೆ ಇಳೀರಿ, ಹನಿ ಹನಿ. ಟಕ್ ಅನ್ನುತ್ತೆ. ಬಾಟಲಿ, ನೀರು, ಕಡ್ಡಿ ಮೂರನ್ನೂ ಸೇರಿಸಿ ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಹೀಗೆ ಹತ್ತು ಸಲ. ಬೇಜಾರಾಗುತ್ತೆ, ಗೊತ್ತು. ನಾನು ಕರೆಂಟ್ ಹೋದ ಹೊತ್ತಲ್ಲಿ ಮಾಡ್ತೀನಿ, ಯೂನಿಟ್‌ನಲ್ಲಿ ಆಗ ಬೇರೆ ಕೆಲಸ ಇರಲ್ಲ.

ನನ್ನ ಈಗಿನ ರೈಫಲ್‌ದು ಬಂದದ್ದು ಹೀಗೆ: 118, 121, 119, 120, 118, 122, 120, 119, 121, 120. ಹೆಚ್ಚು-ಕಮ್ಮಿ 4 ಗ್ರಾಂ ವ್ಯತ್ಯಾಸ. ಇದಕ್ಕೆ ಹೊಸ ಟ್ರಿಗರ್ ಬೇಡವೇ ಬೇಡ. ನಿಮ್ಮದೂ ಹೀಗೆ ಬಂದು ಗುರಿಯ ಕಾರ್ಡ್ ಮೇಲೆ ಗುಂಡು ಚೆದರಿಬಿದ್ರೆ ತಪ್ಪು ಬೇರೆ ಎಲ್ಲೋ ಇದೆ: ಪೆಲೆಟ್ಟು, ನಿಲುವು, ಉಸಿರು. ಹತ್ತರಲ್ಲಿ ಎರಡು-ಮೂರು ಸಲ 30 ಗ್ರಾಂ ಆಚೀಚೆ ಬಂದ್ರೆ ಮೊದಲು ಸ್ಕ್ರೂ ಸಡಿಲ ಆಗಿದೆಯಾ, ಒಳಗೆ ಧೂಳು ಕೂತಿದೆಯಾ ನೋಡಿ. ಅದೂ ಸರಿ ಇದ್ದು ಅಂಕಿ ಕುಣಿದ್ರೆ, ಆಗ ಕೊಳ್ಳೋ ಮಾತು.

ಆ ಹದಿನಾಲ್ಕು ಸಾವಿರದ ಕಥೆ. ಮೊದಲು ಇದ್ದ ಸೆಕೆಂಡ್ ಹ್ಯಾಂಡ್ ರೈಫಲ್‌ಗೆ ಆನ್‌ಲೈನ್‌ನಲ್ಲಿ ಒಬ್ಬರ ಹತ್ರ ಹಗುರದ ಟ್ರಿಗರ್ ಯೂನಿಟ್ ಅಂತ ತರಿಸಿದೆ. ಅದರಲ್ಲಿ 40 ಗ್ರಾಂಗೆ ಇಳಿಸಿದೆ, ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದೆ. ಮುಂದಿನ ಮ್ಯಾಚ್‌ನಲ್ಲಿ ಹದಿನೇಳನೇ ಶಾಟ್. ರೈಫಲ್ ಮೇಲಿಂದ ಇಳಿದು ಕಪ್ಪು ವೃತ್ತಕ್ಕೆ ಬರೋ ದಾರಿಯಲ್ಲಿತ್ತು, ಬೆರಳು ಬ್ಲೇಡ್‌ಗೆ ಬರೀ ತಾಗಿತು ಅಷ್ಟೇ. ಗುಂಡು ಹೋಯ್ತು. ಸ್ಕ್ರೀನ್ ಮೇಲೆ 3.1. ಪಕ್ಕದ ಲೇನಿನವನು ತಲೆ ತಿರುಗಿಸಿ ನೋಡಿದ. ಉಳಿದ ನಲವತ್ಮೂರು ಶಾಟ್ ನಾನು ಗುರಿ ನೋಡಲಿಲ್ಲ, ಬೆರಳನ್ನೇ ನೋಡಿದೆ. ಮನೆಗೆ ಬಂದು ಮೊದಲ ಸಲ ಬಾಟಲಿ ಕಟ್ಟಿ ತೂಗಿದಾಗ 35ರಿಂದ 70ರವರೆಗೆ ಬಂತು. ಅರ್ಧ ಬೆಲೆಗೂ ಯಾರೂ ತಗೊಳ್ಳಲಿಲ್ಲ, ಡ್ರಾಯರ್‌ನಲ್ಲಿ ಮುರಿದ ಸೂಜಿಗಳ ಜೊತೆ ಇದೆ.

ನಿಯಮ ಅಡ್ಡ ಬರಲ್ಲ, ಅದೇ ತೊಂದರೆ. ಏರ್ ಪಿಸ್ತೂಲ್ ಟ್ರಿಗರ್‌ಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ ಇರಲೇಬೇಕು. 10 ಮೀಟರ್ ಏರ್ ರೈಫಲ್‌ಗೆ ಅಂಥ ಕನಿಷ್ಠ ಮಿತಿ ಇಲ್ಲ. ಎಷ್ಟು ಬೇಕಾದ್ರೂ ಇಳಿಸಬಹುದು ಅಂತ ಇಳಿಸ್ತಾ ಹೋಗ್ತಾರೆ. ಹೊಸಬರು ಒಂದು ವರ್ಷ 250–300 ಗ್ರಾಂನಲ್ಲೇ ಇರಲಿ ಅನ್ನೋದು ನನ್ನ ಅಭಿಪ್ರಾಯ. ಬೆರಳಿಗೆ ಬುದ್ಧಿ ಬರೋಕೆ ಅಷ್ಟು ಭಾರ ಬೇಕು.

ಸ್ಪ್ರಿಂಗ್ ರೈಫಲ್ (ಒಳಗಿನ ಸ್ಪ್ರಿಂಗ್ ಬಲದಿಂದ ಹೊಡೆಯೋ ಏರ್ ರೈಫಲ್) ಇದ್ದವರು ಬಾಟಲಿ ಉಪಾಯ ಮಾಡಬೇಡಿ. ಅದನ್ನ ಪೆಲೆಟ್ ಇಲ್ಲದೆ ಹೊಡೆದ್ರೆ ಪಿಸ್ಟನ್ ಸೀಲ್ ಹಾಳಾಗುತ್ತೆ. ಪೆಲೆಟ್ ಹಾಕಿ ಬ್ಯಾರೆಲ್ ಮೇಲೆ ಮಾಡಿದ್ರೆ ಮಾಳಿಗೆ ಹಾಳಾಗುತ್ತೆ. ಬದಲಿಗೆ ಪೆಲೆಟ್ ಹಾಕಿ ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ, ಚಿಂದಿ ಪೆಟ್ಟಿಗೆ ಕಡೆ ಗುರಿ ಮಾಡಿ, ಲಗೇಜ್ ತೂಗೋ ಕೈ ತಕ್ಕಡಿಯ ಕೊಕ್ಕೆಯನ್ನ ಬ್ಲೇಡ್‌ಗೆ ಸಿಕ್ಕಿಸಿ ನೇರ ಹಿಂದಕ್ಕೆ ಎಳೀರಿ. ನನ್ನ ಮೊದಲ ಸ್ಪ್ರಿಂಗ್ ರೈಫಲ್ ಹೀಗೆ ತೂಗಿದಾಗ 1.9 ಕೆಜಿ ಬಂತು. ಅಷ್ಟು ಎಳೆಯೋ ಹೊತ್ತಿಗೆ ಭುಜವೇ ತಿರುಗುತ್ತೆ. ಅಂಥದ್ದಕ್ಕೆ ಟ್ರಿಗರ್ ಬದಲಾಯಿಸಿದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಕಂಪನಿಯ ಟ್ರಿಗರ್‌ನಲ್ಲೇ ಹೊಂದಿಸೋ ಸ್ಕ್ರೂ ಇದ್ರೆ ಮೊದಲು ಅದನ್ನ ನೋಡಿ. ವೈಹ್ರೌಖ್ ಕಂಪನಿಯ ರೆಕಾರ್ಡ್ ಟ್ರಿಗರ್, ಡಯಾನಾ ಕಂಪನಿಯ ಟಿ06 ಇಂಥವು ಹುಟ್ಟಾ ಚೆನ್ನಾಗಿಯೇ ಇವೆ, ಎರಡೂ ಎರಡು ಸ್ಟೇಜ್‌ದು. ಅವನ್ನ ಕಿತ್ತು ಬೇರೆ ಹಾಕೋದು ನನಗೆ ತಿಳಿದ ಮಟ್ಟಿಗೆ ದಂಡ.

ತೂಕ ಸರಿ ಇದ್ರೂ ಟ್ರಿಗರ್ ಕೆಟ್ಟದ್ದಿರಬಹುದು. ಫಸ್ಟ್ ಸ್ಟೇಜ್ ಮುಗಿದ ಕಡೆ ಬೆರಳಿಗೆ ಒಂದು ಗೋಡೆ ಸಿಗಬೇಕು. ಆ ಗೋಡೆ ದಾಟೋವಾಗ ಮರಳಿನ ಮೇಲೆ ಎಳೆದ ಹಾಗೆ ಕರಕರ ಅಂತ ಜರುಗಿದ್ರೆ ಅದು ಕ್ರೀಪ್. ಒಳಗೆ ಸಿಯರ್‌ನ (ಟ್ರಿಗರ್ ಎಳೆಯೋವರೆಗೆ ಗುಂಡು ಹಾರದಂತೆ ತಡೆದಿಡೋ ಕೊಕ್ಕೆಯ) ಎರಡು ಅಂಚು ಒಂದರ ಮೇಲೊಂದು ಉಜ್ಜಿ ಜಾರೋದು. ಗಾಜಿನ ಕಡ್ಡಿ ಮುರಿದ ಹಾಗೆ ಬಿಡಬೇಕು, ಮುಂಚೆ ಸುಳಿವು ಕೊಡಬಾರದು. ಇನ್ನೊಂದು ಓವರ್‌ಟ್ರಾವೆಲ್. ಸಿಯರ್ ಬಿಟ್ಟ ಮೇಲೂ ಬ್ಲೇಡ್ ಹಿಂದಕ್ಕೆ ಓಡೋದು. ತಳ್ಳಿಕೊಂಡಿದ್ದ ಬಾಗಿಲನ್ನ ಒಳಗಿನವರು ಫಕ್ಕನೆ ತೆಗೆದ್ರೆ ನಾವು ಮುಗ್ಗರಿಸ್ತೀವಲ್ಲ, ಬೆರಳೂ ಹಾಗೇ ಮುಗ್ಗರಿಸುತ್ತೆ. ಆಗ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುತ್ತೆ.

ಅದರಿಂದ ಏನಾಗುತ್ತೆ ಅಂತ ಒಂದು ಲೆಕ್ಕ. ಗುರಿ ನೋಡೋ ಹಿಂದಿನ ಸೈಟ್‌ನಿಂದ ಮುಂದಿನ ಸೈಟ್‌ಗೆ ಸುಮಾರು 80 ಸೆಂ.ಮೀ. ಅಂತ ಇಟ್ಕೊಳ್ಳಿ. ಬೆರಳಿನ ಎಳೆತಕ್ಕೆ ಮುಂದಿನ ಸೈಟ್ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಜರುಗಿದ್ರೆ 10 ಮೀಟರ್ ಆಚೆ ಅದು 6 ಮಿಲಿಮೀಟರ್ ಮೇಲೆ ಆಗುತ್ತೆ. ಕಾರ್ಡ್‌ನಲ್ಲಿ 10ರ ಚುಕ್ಕೆಯೇ ಅರ್ಧ ಮಿಲಿಮೀಟರ್ ಅಗಲ, ಒಂದು ರಿಂಗ್‌ನಿಂದ ಇನ್ನೊಂದಕ್ಕೆ ಎರಡೂವರೆ. ಅಂದ್ರೆ ಹತ್ತೂ ಮುಕ್ಕಾಲು ಬರಬೇಕಾದ್ದು ಎಂಟೂಕಾಲು ಆಯ್ತು. ಅದಕ್ಕೇ ಕೊಳ್ಳೋವಾಗ ಓವರ್‌ಟ್ರಾವೆಲ್ ನಿಲ್ಲಿಸೋ ಸ್ಟಾಪ್ ಸ್ಕ್ರೂ ಇದೆಯಾ ಅಂತ ಕೇಳಿ. ಇಲ್ಲ ಅಂದ್ರೆ ಮುಂದೆ ನಡೀರಿ.

ಎರಡು ಸ್ಟೇಜ್ ಬೇಕಾ, ಒಂದೇ ಸ್ಟೇಜ್ ಸಾಕಾ? ನಿಂತು ಹೊಡೆಯೋರಿಗೆ ಎರಡು. ಮೊದಲ ಎಳೆತದಲ್ಲೇ ಬಹುಪಾಲು ಭಾರ ಹೊತ್ತು ಗೋಡೆಗೆ ಬಂದು ನಿಂತಿರ್ತೀರಿ, ಗುರಿ ಕೂಡಿಬಂದಾಗ ಇನ್ನೊಂಚೂರು ಒತ್ತಿದ್ರೆ ಆಯ್ತು. ನನ್ನ 120ರಲ್ಲಿ 80 ಗ್ರಾಂ ಫಸ್ಟ್ ಸ್ಟೇಜ್‌ಗೇ ಇಟ್ಟಿದೀನಿ. ಮಲಗಿ ಅಥವಾ ಮೇಜಿಗೆ ಒರಗಿಸಿ ಹೊಡೆಯೋ ಪಾಯಿಂಟ್ ಟೂ ಟೂ (.22 ಬೋರ್ ಬಂದೂಕು) ದವರು ಎಷ್ಟೋ ಜನ ಒಂದೇ ಸ್ಟೇಜ್‌ದನ್ನ ಇಷ್ಟಪಡ್ತಾರೆ. ಎಲೆಕ್ಟ್ರಾನಿಕ್ ಟ್ರಿಗರ್ ಬಗ್ಗೆ ಕೇಳ್ತಾರೆ. ಬಿಡೋ ರೀತಿ ಬಹಳ ನಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಟ್ರೆ ನಮ್ಮೂರಲ್ಲಿ ಬಿಚ್ಚೋರಿಲ್ಲ.

ಬ್ಲೇಡ್ ಬಗ್ಗೆ ಯಾರೂ ಕೇಳಲ್ಲ, ಕೇಳಬೇಕಾದ್ದು ಅದನ್ನೇ. ನಮ್ಮಕ್ಕನ ಮಗಳು ಎಂಟನೇ ಕ್ಲಾಸು. ಕ್ಲಬ್‌ನವರು ಕೊಟ್ಟ ರೈಫಲ್‌ನಲ್ಲಿ ಅವಳ ಗುಂಡು ಒಂದೇ ಸಮ ಎಡಕ್ಕೆ ಹೋಗ್ತಿತ್ತು. ಕಣ್ಣು ತೋರಿಸಿದ್ರು, ಜಾಕೆಟ್ ಬದಲಾಯಿಸಿದ್ರು. ಹೊಸ ಟ್ರಿಗರ್ ಹಾಕಿಸೋಣ ಅಂತ ಭಾವ ದುಡ್ಡು ಹೊಂದಿಸಿದ್ರು. ನಾನು ಅವಳ ಬಲಗಡೆ ಮಂಡಿಯೂರಿ ಕೂತು ಬರೀ ಬೆರಳು ನೋಡಿದೆ. ಬ್ಲೇಡ್ ದೂರ ಇತ್ತು. ಅದನ್ನ ಮುಟ್ಟೋಕೆ ಅವಳು ಬೆರಳನ್ನ ನಿಗುರಿಸಿ ಬರೀ ತುದಿಯಲ್ಲಿ ತಳ್ಳಬೇಕಿತ್ತು, ಬೆರಳಿನ ಬುಡ ಸ್ಟಾಕ್‌ಗೆ ಒತ್ತಿಕೊಂಡು ಪ್ರತಿ ಸಲ ರೈಫಲನ್ನ ಎಡಕ್ಕೆ ನೂಕ್ತಿತ್ತು. "ಮಾಮಾ, ಅದು ನನ್ನ ಕೈಗೆ ಸಿಗಲ್ಲ" ಅಂದ್ಲು. ಮೂರು ತಿಂಗಳಿಂದ ಅವಳನ್ನ ಯಾರೂ ಕೇಳಿರಲಿಲ್ಲ. ಅಲೆನ್ ಕೀ ತಗೊಂಡು ಬ್ಲೇಡ್ ಸಡಿಲ ಮಾಡಿ ಎಂಟು ಮಿಲಿಮೀಟರ್ ಹಿಂದಕ್ಕೆ ತಂದು ಬಿಗಿ ಮಾಡಿದೆ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಜಾಗ ಬ್ಲೇಡ್ ಮೇಲೆ ಕೂತು, ಉಳಿದ ಬೆರಳಿಗೂ ಸ್ಟಾಕ್‌ಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಬಂತು. ಅವತ್ತೇ ಗುಂಪು ನಡುವಿಗೆ ಬಂತು. ಭಾವನ ದುಡ್ಡು ಉಳೀತು.

ಹಾಗಾಗಿ ಕೊಳ್ಳೋದೇ ಆದ್ರೆ ಬ್ಲೇಡ್ ಹಿಂದೆ-ಮುಂದೆ ಜರುಗೋ, ಸ್ವಲ್ಪ ಎಡ-ಬಲಕ್ಕೆ ವಾಲಿಸೋಕೆ ಬರೋ ಟ್ರಿಗರ್ ನೋಡಿ. ನುಣ್ಣನೆ ಬ್ಲೇಡ್‌ಗಿಂತ ಸಣ್ಣ ಗೆರೆ ಇರೋದು ನಮಗೆ ವಾಸಿ, ಏಪ್ರಿಲ್-ಮೇ ಸೆಕೆಗೆ ಬೆರಳು ಜಾರುತ್ತೆ. ಹಾಂ, ಮಿರ್ಚಿ ತಿಂದ ಕೈಯಲ್ಲಿ ಹಿಡೀಬೇಡಿ. ಹಾಸ್ಯಕ್ಕೆ ಹೇಳ್ತಿಲ್ಲ.

ಈಗ ಅಂಗಡಿ ಮಾತು. ಹೊರದೇಶದ ಪಟ್ಟಿಗಳಲ್ಲಿ ತೂಕ ಪೌಂಡ್, ಔನ್ಸ್‌ನಲ್ಲಿರುತ್ತೆ. ಒಂದು ಪೌಂಡ್ 454 ಗ್ರಾಂ, ಒಂದು ಔನ್ಸ್ 28 ಗ್ರಾಂ ಚಿಲ್ಲರೆ. 8 ಔನ್ಸ್ ಅಂದ್ರೆ 227 ಗ್ರಾಂ, ಒಂದೂವರೆ ಪೌಂಡ್ ಅಂದ್ರೆ 680. ಟಿಮ್ನಿ, ಜ್ಯುವೆಲ್, ಟ್ರಿಗರ್‌ಟೆಕ್, ಬಿಕ್ಸ್ ಎನ್ ಆಂಡಿ ಅಂತ ಟ್ರಿಗರ್ ಕಂಪನಿಗಳ ಹೆಸರು ಕೇಳಿರ್ತೀರಿ. ಅವರ ಹೆಸರುವಾಸಿ ಮಾಡೆಲ್‌ಗಳು ಬಹುತೇಕ ರೆಮಿಂಗ್‌ಟನ್ 700 ಅಳತೆಯ ದೊಡ್ಡ ಬೋಲ್ಟ್ ರೈಫಲ್‌ಗಳಿಗೆ. ಟ್ರಿಗರ್‌ಟೆಕ್‌ನವರು ಸಿಯರ್ ನಡುವೆ ಒಂದು ಸಣ್ಣ ರೋಲರ್ ಇಟ್ಟಿದಾರೆ, ಅಂಚು ಉಜ್ಜೋ ಬದಲು ಉರುಳುತ್ತೆ. ಮೆಕ್ಯಾನಿಕ್ ಆಗಿ ನನಗೆ ಆ ಯೋಚನೆ ಬಹಳ ಹಿಡಿಸ್ತು. ಆದರೆ ಎಷ್ಟೇ ಚೆನ್ನಾಗಿದ್ರೂ ನಿಮ್ಮ ಮಾಡೆಲ್‌ಗೆ ಅಂತಲೇ ಮಾಡಿದ್ದಲ್ಲದಿದ್ರೆ ಕೂರಲ್ಲ. ಸಿಝಡ್ ಕಂಪನಿಯ 455 ರೈಫಲ್‌ಗೆ ಅವರದೇ 457ರದ್ದು ತಂದ್ರೂ ಆಗಲ್ಲ. ಪಿನ್ ತೂತು, ಸೇಫ್ಟಿ, ಬೋಲ್ಟ್ ಬಿಡಿಸೋ ಕಡ್ಡಿ, ಬಲಗೈಯೋ ಎಡಗೈಯೋ, ಇಷ್ಟೂ ಕೇಳಿ ಬರವಣಿಗೆಯಲ್ಲಿ ತಗೊಳ್ಳಿ. ಅರದಿಂದ ಉಜ್ಜಿ ಕೂರಿಸ್ತೀನಿ ಅನ್ನೋನ ಕೈಗೆ ಕೊಡಬೇಡಿ. ನಾನೂ ಅರ ಹಿಡಿಯೋನೇ, ಸಿಯರ್ ಅಂಚಿಗೆ ಮಾತ್ರ ಇವತ್ತಿನವರೆಗೆ ತಾಗಿಸಿಲ್ಲ. ಆ ಗಟ್ಟಿ ಮೇಲ್ಪದರ ಹೋದ್ರೆ ಬೇಗ ಸವೆದು ತಾನಾಗೇ ಬಿಡೋಕೆ ಶುರು ಮಾಡುತ್ತೆ.

ಪಾಯಿಂಟ್ ಟೂ ಟೂ ಅಥವಾ ಅದಕ್ಕಿಂತ ದೊಡ್ಡದು ಇದ್ದವರು ಇನ್ನೊಂದು ತಿಳ್ಕೊಳ್ಳಿ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಆಯುಧ ಅಂದ್ರೆ ಅದರ ಬಿಡಿಭಾಗಗಳೂ ಸೇರಿ. ಲಾಠಿ, ಊರುಗೋಲು ಸೇರಲ್ಲ ಅಂತ ಅದರಲ್ಲೇ ಬರೆದಿದೆ, ಟ್ರಿಗರ್‌ಗೆ ಆ ರಿಯಾಯಿತಿ ಇಲ್ಲ. ಕೊರಿಯರ್‌ನಲ್ಲಿ ತರಿಸ್ಕೊಂಡು ಮನೇಲಿ ಕೂರಿಸೋ ವಸ್ತು ಅಲ್ಲ ಅದು. ಲೈಸೆನ್ಸ್ ಇರೋ ಡೀಲರ್, ಲೈಸೆನ್ಸ್ ಇರೋ ಗನ್‌ಸ್ಮಿತ್ ಮೂಲಕವೇ ಹೋಗಿ. ಸಣ್ಣ ಶಕ್ತಿಯ 4.5 ಮಿಲಿಮೀಟರ್ ಏರ್ ರೈಫಲ್‌ಗೆ ಅಷ್ಟು ತಾಪತ್ರಯ ಇಲ್ಲ, ಆದರೂ ಮ್ಯಾಚ್ ಆಡೋರು ಮುಂಚೆಯೇ ಕೋಚ್‌ಗೆ ತೋರಿಸಿ.

ಹೊಸದು ಕೂರಿಸಿದ ದಿನ ಗುರಿ ಹಿಡಿಯೋಕೆ ಆತುರ ಬೇಡ. ಪೆಲೆಟ್ ಇಲ್ಲದ ಮ್ಯಾಚ್ ರೈಫಲನ್ನ ಡ್ರೈ ಫೈರ್‌ಗೆ ಹಾಕಿ ಕಾಕ್ ಮಾಡಿ (ಹೊಡೆಯೋಕೆ ಸಜ್ಜು ಮಾಡಿ), ಬಟ್ಟನ್ನ ರಬ್ಬರ್ ಮ್ಯಾಟ್ ಮೇಲೆ ಐದಾರು ಸಲ ಕುಕ್ಕಿ. ಕಾಕಿಂಗ್ ಲಿವರನ್ನ ಜೋರಾಗಿ ಮುಚ್ಚಿ. ಸೇಫ್ಟಿ ಇದ್ರೆ ಅದನ್ನ ಹಾಕಿ ಬ್ಲೇಡ್ ಎಳೆದು, ಬೆರಳು ತೆಗೆದು, ಆಮೇಲೆ ಸೇಫ್ಟಿ ಬಿಡಿ. ಯಾವ ಹೊತ್ತಲ್ಲೂ ಟಕ್ ಅನ್ನಬಾರದು. ಒಂದೇ ಒಂದು ಸಲ ಅಂದ್ರೂ ಆ ಯೂನಿಟ್ ವಾಪಸ್. ಸ್ಪ್ರಿಂಗ್ ರೈಫಲ್‌ದು ಇನ್ನೂ ಕೆಟ್ಟದ್ದು. ಬ್ಯಾರೆಲ್ ಬಗ್ಗಿಸಿ ಕಾಕ್ ಮಾಡಿ ಪೆಲೆಟ್ ಹಾಕೋವಾಗ ಸಿಯರ್ ಜಾರಿದ್ರೆ ಬ್ಯಾರೆಲ್ ರಪ್ಪನೆ ಮೇಲಕ್ಕೆ ಬರುತ್ತೆ, ಬೆರಳು ಅಲ್ಲಿದ್ರೆ ಉಳಿಯಲ್ಲ. ಒಂದು ಕೈ ಬ್ಯಾರೆಲ್ ಬಿಡಲೇಬಾರದು.

ದೊಡ್ಡ ಕಂಪನಿಗೂ ಇದು ತಪ್ಪಿದ್ದಲ್ಲ. 2014ರಲ್ಲಿ ರೆಮಿಂಗ್‌ಟನ್‌ನವರು ತಮ್ಮ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರೋ ರೈಫಲ್‌ಗಳನ್ನ ವಾಪಸ್ ಕರೆಸ್ಕೊಂಡ್ರು. ಜೋಡಿಸೋವಾಗ ಬಳಸಿದ ಅಂಟು ಹೆಚ್ಚಾಗಿ, ಎಳೆಯದೆಯೇ ಗುಂಡು ಹಾರಬಹುದು ಅಂತ. ಅದನ್ನ ಓದಿದ ಮೇಲೆ ಟ್ರಿಗರ್ ಸ್ಕ್ರೂಗೆ ಲಾಕ್‌ಟೈಟ್ (ಸ್ಕ್ರೂ ಸಡಿಲ ಆಗದ ಹಾಗೆ ಹಚ್ಚೋ ಅಂಟು) ಹಾಕೋದು ನಾನು ನಿಲ್ಲಿಸಿದೆ. ಹೊಂದಿಸಿದ ಸ್ಕ್ರೂ ಜರುಗಿದೆಯಾ ತಿಳಿಯೋಕೆ ಹೆಂಡತಿಯ ನೇಲ್ ಪಾಲಿಶ್‌ನಿಂದ ಸ್ಕ್ರೂ ತಲೆಗೂ ಮೈಗೂ ಸೇರಿ ಒಂದು ಗೆರೆ. ಗೆರೆ ಮುರಿದ್ರೆ ಜರುಗಿದೆ ಅಂತ ಅರ್ಥ.

ಎಣ್ಣೆಯಲ್ಲಿ ನಾನೇ ಎಡವಿದೆ. ಕೈಗೆ ಯಾವಾಗಲೂ ಸಿಗೋದು ಮಷಿನ್ ಎಣ್ಣೆ, ತೆಳ್ಳಗೆ, ಬೆಳ್ಳಗೆ. ಟ್ರಿಗರ್‌ಗೂ ಎರಡು ಹನಿ ಬಿಟ್ಟೆ, ಮೂರನೇದೂ ಬಿಟ್ಟೆ. ಬಳ್ಳಾರಿ ಧೂಳು ನಿಮಗೆ ಗೊತ್ತಲ್ಲ, ಅದಿರಿನ ಕೆಂಪು ಧೂಳು, ಕಿಟಕಿ ಮುಚ್ಚಿದ್ರೂ ಬರುತ್ತೆ. ನಮ್ಮ ಯೂನಿಟ್‌ನದು ಅದರ ಮೇಲೆ ನೀಲಿ ದಾರದ ನಾರು. ಮೇ ತಿಂಗಳಲ್ಲಿ ಬಿಚ್ಚಿ ನೋಡಿದ್ರೆ ಸಿಯರ್ ಸುತ್ತ ಕುಂಕುಮ ಕಲಸಿದ ಹಾಗೆ ಕೂತಿತ್ತು, ಬಾಟಲಿ ಅಂಕಿ 120ರಿಂದ 165ಕ್ಕೆ ಏರಿತ್ತು. ಈಗ ಕೈಪಿಡಿಯಲ್ಲಿ ಹೇಳಿದ ಜಾಗಕ್ಕೆ, ಹೇಳಿದ ಎಣ್ಣೆ, ಸೂಜಿ ಮೊನೆಯಲ್ಲಿ ಹಿಡಿಸೋವಷ್ಟೇ. ಒಣಗಿಯೇ ಇರಬೇಕು ಅಂತ ಬರೆದಿದ್ರೆ ಒಣಗಿಯೇ. ರೈಫಲ್ ಇಡೋ ಪೆಟ್ಟಿಗೆಯನ್ನ ಹೊಲಿಗೆ ಹಾಲ್‌ನಿಂದ ಮಾಳಿಗೆಗೆ ಒಯ್ದೆ.

ಪೀಸ್ ಲೆಕ್ಕದ ಹಳೇ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಈಗ ತಿಂಗಳಿಗೊಂದು ಸಾಲು: ತಾರೀಖು, ಹತ್ತು ಅಂಕಿ, ಬಿಸಿಲೋ ಮಳೆಯೋ. ಅಕ್ಕನ ಮಗಳೇ ನೀರು ಹಾಕ್ತಾಳೆ, ಸಿರಿಂಜ್ ಹಿಡಿಯೋದ್ರಲ್ಲಿ ಅವಳ ಕೈ ನನಗಿಂತ ನಿಧಾನ. ಹೋದ ತಿಂಗಳದು 119, 120, 120, 118 ಅಂತ ಶುರುವಾಗಿದೆ. ಐದನೇದರ ಮುಂದೆ ಒಂದು ನೀರಿನ ಕಲೆ ಬಿದ್ದು ಅಂಕಿ ಅಳಿಸಿಹೋಗಿದೆ, ಅದನ್ನ ಮತ್ತೆ ತೂಗಬೇಕು.